ಬರೀ ಉಳುಕೆನ್ನಬೇಡಿ: ಕೊಯ್ಲಿನಲ್ಲಿ ಹೊರಳಿದ ಕಾಲಿನ ಆರೈಕೆ

ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಎಷ್ಟು ಪ್ರಮಾಣದಲ್ಲಿ ಕಲಸಬೇಕೆಂದು ಕೇಳಿದರೆ ನಿದ್ರೆಗಣ್ಣಿನಲ್ಲೂ ಉತ್ತರ ಹೇಳದ ಸದಸ್ಯರು ನಮ್ಮ ಸಂಘದಲ್ಲಿಲ್ಲ. ಬಿಳಿ ಕಾಂಡಕೊರಕ ಹಿಡಿದ ಕಾಫಿ ಗಿಡವನ್ನು ದೂರದಿಂದಲೇ ಗುರುತಿಸುವವರೂ ಇದ್ದಾರೆ. ಆದರೆ ಕೊಯ್ಲಿನ ನಡುವೆ ಆಳೊಬ್ಬರು ಕಾಲು ಹೊರಳಿಸಿಕೊಂಡು ಕುಳಿತರೆ ಏನು ಮಾಡಬೇಕೆಂಬುದಕ್ಕೆ ನಮ್ಮಲ್ಲಿರುವ ಉತ್ತರ ಬಹುಪಾಲು ಒಂದೇ: "ಬರೀ ಉಳುಕು, ಎಣ್ಣೆ ತಿಕ್ಕಿ ಮಲಗು, ನಾಳೆ ಕೆಲಸಕ್ಕೆ ಬಾ." ಈ ಉತ್ತರ ಸರಿಯಲ್ಲ. ಬಲವಾಗಿ ಉಳುಕಿದ ಕಾಲು ಮುರಿದ ಎಲುಬಿಗಿಂತ ಹೆಚ್ಚು ಕಾಲ ಕಾಡುವುದುಂಟು. ಅದು ನೆಟ್ಟಗಾಗುವುದೂ ಬಿಡುವುದೂ ಮೊದಲ ಎರಡು ತಿಂಗಳು ನಾವು ನಡೆದುಕೊಳ್ಳುವ ರೀತಿಯ ಮೇಲೆ ಬಹಳಷ್ಟು ನಿಂತಿದೆ. ಈ ವಿಷಯವನ್ನು ತುಸು ವಿವರವಾಗಿ ಬರೆಯಬೇಕೆನಿಸಿತು.

ನಮ್ಮ ತೋಟಗಳಲ್ಲಿ ಈಗ ಹಣ್ಣು ಕೊಯ್ಯುವ ಕೈಗಳಲ್ಲಿ ಎಷ್ಟೋ ಕೈಗಳು ರಾಯಚೂರು ಜಿಲ್ಲೆಯವು. ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ಬರುವ ಊರುಗಳು. ಲಿಂಗಸುಗೂರು ತಾಲ್ಲೂಕೆಂದರೆ ಹಟ್ಟಿಯ ಚಿನ್ನದ ಗಣಿ, ಮುದಗಲ್ಲಿನ ಕೋಟೆ. ಮಸ್ಕಿಯೆಂದರೆ 1915ರಲ್ಲಿ ದೊರೆತ ಅಶೋಕನ ಶಾಸನ. ಶಾಸನಗಳ 'ದೇವಾನಾಂಪ್ರಿಯ'ನೇ ಅಶೋಕನೆಂದು ಲೋಕಕ್ಕೆ ತಿಳಿದದ್ದು ಆ ಬಂಡೆಯಿಂದ. ಸಿಂಧನೂರೆಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ. ಕಾಲುವೆಯಲ್ಲಿ ನೀರಿದ್ದರೆ ಅಲ್ಲಿಯೇ ಕೈತುಂಬ ಕೆಲಸ. ಕಾಲುವೆಯ ಕೊನೆಭಾಗದವರಿಗೆ ನೀರು ತಲುಪದ ವರ್ಷ, ಮಳೆಯಾಶ್ರಿತ ಎರೆಹೊಲ ಕೈಕೊಟ್ಟ ವರ್ಷ, ಗಂಟು ಕಟ್ಟಿ ಗುಳೆ ಹೊರಡುವುದೊಂದೇ ದಾರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದ ಸುದ್ದಿ ನಮಗೆಲ್ಲ ಪತ್ರಿಕೆಯ ಸುದ್ದಿಯಾಗಿತ್ತು. ಆ ಮೂರು ಊರುಗಳ ಕೂಲಿಕಾರರಿಗೆ ಅದು ವರ್ಷದ ಅನ್ನದ ಪ್ರಶ್ನೆಯಾಗಿತ್ತು. ಗುಳೆ ಹೊರಟವರಲ್ಲಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವವರೇ ಹೆಚ್ಚು. ಒಂದು ಪಾಲು ಮೇಸ್ತ್ರಿಗಳ ಜೊತೆ ನಮ್ಮ ಕಡೆಗೆ ಬರುತ್ತದೆ.

ಹೀಗೆ ಬರುವವರು ವರ್ಷವಿಡೀ ನಡೆಯುವ ನೆಲ ಎರೆಭೂಮಿ. ಬೇಸಿಗೆಯಲ್ಲಿ ಅದು ಅಂಗೈ ಅಗಲ ಬಿರುಕು ಬಿಡುತ್ತದೆ, ಮಳೆಯಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಆದರೆ ಅದು ಸಮತಟ್ಟು. ನಮ್ಮದು ಇಳಿಜಾರು. ಅದರ ಮೇಲೆ ಒಣಗಿದ ಎಲೆಯ ಹಾಸು, ಎಲೆಯ ಕೆಳಗೆ ಉರುಳುಗಲ್ಲು, ಸಾಲಿನ ನಡುವೆ ತೊಟ್ಟಿಲು ಗುಂಡಿ. ತೇವ ಹಿಡಿದಿಡಲೆಂದು ನಾವೇ ತೋಡಿಸಿದ ಗುಂಡಿಗಳು ಕೊಯ್ಲಿನ ಹೊತ್ತಿಗೆ ತರಗೆಲೆ ತುಂಬಿ ನೆಲದ ಮಟ್ಟಕ್ಕೆ ಬಂದಿರುತ್ತವೆ. ತೋಟದ ಹಳೆಯ ಆಳಿಗೆ ಅವು ಎಲ್ಲೆಲ್ಲಿವೆ ಎಂದು ಕಾಲೇ ಹೇಳುತ್ತದೆ. ತಲೆಯ ಮೇಲೆ ಹಣ್ಣಿನ ಮೂಟೆ ಹೊತ್ತು, ಸವೆದ ಹವಾಯಿ ಚಪ್ಪಲಿಯಲ್ಲಿ ಇಳಿಯುವ ಹೊಸಬರಿಗೆ ಗೊತ್ತಾಗುವುದು ಬಿದ್ದ ಮೇಲೆಯೇ. ಅಡಿಕೆ ತೋಟದ ಬಸಿಗಾಲುವೆಯ ಅಂಚೂ ಇದಕ್ಕೆ ಕಡಿಮೆಯೇನಲ್ಲ.

ಕಾಲು ಉಳುಕಿತು ಎಂದರೆ ಒಳಗೆ ಆಗಿರುವುದೇನು? ಪಾದದ ಗಂಟಿನಲ್ಲಿ ಎಲುಬಿಗೆ ಎಲುಬನ್ನು ಕಟ್ಟಿ ಹಿಡಿದಿರುವ ಗಟ್ಟಿ ನಾರುಗಳಿವೆ. ಪಾದ ಒಳಮುಖವಾಗಿ ಹೊರಳಿದಾಗ ಭಾರವೆಲ್ಲ ಹೊರಗಿನ ಗಿಣ್ಣಿನ ನಾರುಗಳ ಮೇಲೆ ಬೀಳುತ್ತದೆ. ಮೊದಲು ಹರಿಯುವುದು ಸಾಮಾನ್ಯವಾಗಿ ಆ ಗಿಣ್ಣಿನ ಮುಂಭಾಗದ ನಾರು. ನಾರು ಜಗ್ಗಿದ್ದರೆ ಅದು ಸಣ್ಣ ಉಳುಕು, ಒಂದರಿಂದ ಮೂರು ವಾರ. ಅರ್ಧ ಹರಿದಿದ್ದರೆ ಮೂರರಿಂದ ಆರು ವಾರ. ಪೂರ್ತಿ ಹರಿದಿದ್ದರೆ ಆರರಿಂದ ಹನ್ನೆರಡು ವಾರ, ಕೆಲವರಿಗೆ ಅದಕ್ಕೂ ಹೆಚ್ಚು. ಪಾದ ಕುಂಬಳದಂತೆ ಊದಿ, ಮಾರನೆಯ ದಿನಕ್ಕೆ ಬೆರಳಿನವರೆಗೂ ನೀಲಿ ಇಳಿದು, ಕಾಲೂರಲು ಆಗದಿದ್ದರೆ ಅದು ಸಣ್ಣ ಉಳುಕಲ್ಲವೆಂದು ತಿಳಿಯತಕ್ಕದ್ದು.

ಇನ್ನೊಂದು ಸಂಗತಿ ಬಹುಮಂದಿಗೆ ತಿಳಿಯದು. ಈ ನಾರುಗಳು ಬರೀ ಹಗ್ಗಗಳಲ್ಲ. ಪಾದ ಯಾವ ಓರೆಯಲ್ಲಿದೆಯೆಂದು ಮೆದುಳಿಗೆ ತಿಳಿಸುವ ನರದ ತುದಿಗಳು ಅವುಗಳಲ್ಲಿವೆ. ನಾರು ಹರಿದಾಗ ಆ ಸುದ್ದಿಯ ತಂತಿಯೂ ಹರಿಯುತ್ತದೆ ಎಂದು ಇಂಗ್ಲೆಂಡಿನ ವೈದ್ಯರು 1965ರಲ್ಲಿಯೇ ಬರೆದಿದ್ದರು. ಬಾವು ಇಳಿದು, ನೋವು ಹೋಗಿ, ನೋಡಲು ಕಾಲು ಸರಿಯಾಗಿದ್ದರೂ ಕಲ್ಲಿನ ಮೇಲೆ ಇಟ್ಟ ಪಾದ ಸಕಾಲದಲ್ಲಿ ತನ್ನನ್ನು ತಾನೇ ಸರಿಪಡಿಸಿಕೊಳ್ಳದೆ ಮತ್ತೆ ಹೊರಳುವುದಕ್ಕೆ ಇದೂ ಒಂದು ಕಾರಣ.

ಇದನ್ನು ನಾವು ಕಣ್ಣಾರೆ ಕಂಡದ್ದು ಕಳೆದ ಬೇಸಿಗೆಯಲ್ಲಿ, ಮುಂದಿನ ಹಂಗಾಮಿನ ಆಳುಗಳ ವಿಚಾರ ಮಾತನಾಡಲು ಆ ಕಡೆ ಹೋಗಿದ್ದಾಗ. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯ ಪಕ್ಕದ ಒಂದು ಹಳ್ಳಿ. ಎರಡು ವರ್ಷದ ಹಿಂದೆ ನಮ್ಮ ಕಡೆಯ ತೋಟವೊಂದರಲ್ಲಿ ಕೊಯ್ಲಿಗೆ ಬಂದಿದ್ದ ಹೆಣ್ಣುಮಗಳು ಅಲ್ಲಿದ್ದಳು. ವಯಸ್ಸು ಮೂವತ್ತರ ಆಸುಪಾಸು. ತೊಟ್ಟಿಲು ಗುಂಡಿಯಲ್ಲಿ ಕಾಲು ಹೋಗಿತ್ತು. ಆ ರಾತ್ರಿ ಲೈನು ಮನೆಯಲ್ಲಿ ಯಾರೋ ಹಿರಿಯರು ಬಿಸಿ ಎಣ್ಣೆ ಹಚ್ಚಿ, ಎಳೆದು, ನೀವಿದರು. ನಾಲ್ಕನೆಯ ದಿನ ಅವಳು ಬಟ್ಟೆ ಸುತ್ತಿಕೊಂಡು ಇಳಿಜಾರಿಗೆ ಇಳಿದಳು. ಯಾರೂ ಬಲವಂತ ಮಾಡಲಿಲ್ಲ. ಕಿಲೋ ಲೆಕ್ಕದ ಕೊಯ್ಲು. ಕೊಯ್ಯದ ದಿನಕ್ಕೆ ಕೂಲಿಯಿಲ್ಲ. ಮೇಸ್ತ್ರಿಯ ಮುಂಗಡ ತೀರಬೇಕಿತ್ತು. ಹತ್ತು ದಿನದೊಳಗೆ ಅದೇ ಕಾಲು ಮತ್ತೆ ಹೊರಳಿತು. ಈಗ ಭತ್ತದ ನಾಟಿಗೆ ಅವಳನ್ನು ಯಾರೂ ಕರೆಯುವುದಿಲ್ಲ. "ಕಾಲು ನಿಂದ್ರಂಗಿಲ್ರೀ ಯಪ್ಪಾ. ಕೆಸರಾಗ ಇಟ್ಟೆ ಅಂದ್ರ ಹೊಳ್ಳತೈತ್ರಿ" ಎಂದಳು. ಸಿಂಧನೂರಿನ ಸೀಮೆಯಲ್ಲಿ ನಾಟಿಯ ಕೂಲಿ ತಪ್ಪಿದರೆ ಹೆಣ್ಣುಮಗಳೊಬ್ಬಳ ವರ್ಷದ ಲೆಕ್ಕದಲ್ಲಿ ಏನು ಉಳಿಯುತ್ತದೆಂಬುದನ್ನು ಬೆಳೆಗಾರರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಗಂಟೆಯಲ್ಲಿ ನೋಡಬೇಕಾದ್ದು

ಎಲುಬು ಮುರಿದಿದೆಯೋ ಇಲ್ಲವೋ ಎಂಬುದು ಮೊದಲ ಪ್ರಶ್ನೆ. ಕೆನಡಾ ದೇಶದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಇದಕ್ಕೊಂದು ಸುಲಭ ಪರೀಕ್ಷೆಯನ್ನು ಪ್ರಕಟಿಸಿದರು. ಈಗ ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಅದು ರೂಢಿಯಲ್ಲಿದೆ. ಒಳಗಿನ ಮತ್ತು ಹೊರಗಿನ ಗಿಣ್ಣುಗಳ ತುದಿಯನ್ನೂ, ಹಿಂಬದಿಯ ಅಂಚಿನಲ್ಲಿ ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರಿನಷ್ಟು, ಎಂದರೆ ಸುಮಾರು ಮೂರು ಬೆರಳಗಲ ಜಾಗವನ್ನೂ ಬೆರಳಿನಿಂದ ಒತ್ತಿ ನೋಡುವುದು. ಹಾಗೆಯೇ ಪಾದದ ಹೊರ ಅಂಚಿನ ನಡುವೆ ಕೈಗೆ ಸಿಗುವ ಉಬ್ಬನ್ನು, ಒಳ ಅಂಚಿನಲ್ಲಿ ಗಿಣ್ಣಿನ ಮುಂದಿರುವ ಎಲುಬನ್ನು ಒತ್ತುವುದು. ಇವುಗಳಲ್ಲಿ ಎಲ್ಲಿಯಾದರೂ ಎಲುಬಿನ ಮೇಲೆಯೇ ನೋವಿದ್ದರೆ, ಅಥವಾ ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಹಾಕಲಾಗದಿದ್ದರೆ, ಎಕ್ಸ್‌ರೇ ತೆಗೆಸಬೇಕು. ಎರಡೂ ಇಲ್ಲದಿದ್ದರೆ ಮುರಿದಿರುವ ಸಂಭವ ಬಹಳ ಕಡಿಮೆ. ಕುಡಿದವರಲ್ಲಿ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಲ್ಲಿ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಅವರನ್ನು ನೇರ ಆಸ್ಪತ್ರೆಗೆ ಒಯ್ಯುವುದೇ ಸರಿ. ಪಾದ ಸೊಟ್ಟಗಾಗಿದ್ದರೆ, ಬೆರಳು ತಣ್ಣಗಾಗಿ ಬಿಳಿಚಿಕೊಂಡಿದ್ದರೆ ಒತ್ತಿ ನೋಡುತ್ತ ಕೂರದೆ ಜೀಪು ಹೊರಡಿಸಬೇಕು.

ಗಾಡಿಯವರೆಗೆ ಹೊತ್ತು ತರುವಾಗ ಪಾದ ಅಲ್ಲಾಡಬಾರದು. ಇದಕ್ಕೆ ನಮ್ಮ ಅಡಿಕೆ ಹಾಳೆಯೇ ಸಾಕು. ಒಣಗಿದ ಹಾಳೆಯನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿದರೆ ಹೇಳಿದಂತೆ ಬಾಗುತ್ತದೆ. ಅಂಗಾಲಿನ ಕೆಳಗಿನಿಂದ ಎರಡೂ ಪಕ್ಕಕ್ಕೆ ಮೇಲೆ ತಂದು, ಒಳಗೆ ಬಟ್ಟೆ ಹಾಸಿ, ಮೇಲೆ ಟವಲು ಸುತ್ತಿದರೆ ಆಸ್ಪತ್ರೆಯವರೆಗೆ ಕಾಲು ಕದಲುವುದಿಲ್ಲ.

ಮೊದಲ ಎರಡು ಮೂರು ದಿನ ಎಣ್ಣೆ ತಿಕ್ಕುವುದು, ನೀವುವುದು, ಬಿಸಿ ಶಾಖ, ಹೆಂಡ ಇವು ನಾಲ್ಕೂ ಬೇಡ. ಒಳಗೆ ರಕ್ತ ಇನ್ನೂ ಸೋರುತ್ತಿರುವಾಗ ಇವುಗಳಿಂದ ಬಾವು ಹೆಚ್ಚುತ್ತದೆ. ಉತ್ತರದ ಕಡೆ ಹುಣಸೆಲೆಯ ಶಾಖ ಕೊಡುವ ರೂಢಿಯಿದೆ. ಬಾವು ನಿಂತ ಮೇಲೆ ಅದರಿಂದ ಹಿತವೆನಿಸಿದರೆ ಮಾಡಿಕೊಳ್ಳಲಿ, ಮೊದಲ ದಿನ ಬೇಡ. ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಂಡರೆ ಉಳುಕು ಹೋಗುತ್ತದೆಂಬ ನಂಬಿಕೆ ಆ ಕಡೆಯೂ ಇದೆ, ನಮ್ಮ ಕಡೆಯೂ ಇದೆ. ಬೆನ್ನಿನ ಮಾತು ಹೇಗೋ ಇರಲಿ, ಊದಿದ ಪಾದದ ಮೇಲೆ ಮಾತ್ರ ಯಾರೂ ಕಾಲಿಡದಿರಲಿ.

ತಂಪಿನ ವಿಷಯದಲ್ಲಿ ವೈದ್ಯರ ಅಭಿಪ್ರಾಯವೇ ಸ್ವಲ್ಪ ಬದಲಾಗಿದೆ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲು ಎತ್ತರಿಸುವುದು ಎಂಬ ನಾಲ್ಕು ಸೂತ್ರಗಳನ್ನು 1978ರಲ್ಲಿ ಅಮೆರಿಕದ ಡಾ. ಗೇಬ್ ಮಿರ್ಕಿನ್ ಎಂಬವರು ತಮ್ಮ ಪುಸ್ತಕದಲ್ಲಿ ಹೇಳಿದರು. ಅದೇ ಲೋಕವೆಲ್ಲ ಹಬ್ಬಿತು. ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಗಾಯ ಮಾಯುವುದನ್ನು ತಡಮಾಡಬಹುದೆಂದು ಅದೇ ವೈದ್ಯರು 2014ರಲ್ಲಿ ಬರೆದರು. ಆದುದರಿಂದ ತೋಟದಲ್ಲಿ ಮಂಜುಗಡ್ಡೆ ಸಿಗಲಿಲ್ಲವೆಂದು ಪೇಚಾಡಬೇಕಾಗಿಲ್ಲ. ನೋವು ತಗ್ಗಲೆಂದು ತಣ್ಣೀರ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ಸಾಕು. ಬೆರಳಿನ ಬುಡದಿಂದ ಮೇಲಕ್ಕೆ ಕ್ರೇಪ್ ಪಟ್ಟಿ ಸುತ್ತಿ, ಮಲಗಿದಾಗ ಪಾದ ಎದೆಗಿಂತ ಮೇಲಿರುವಂತೆ ತುಂಬಿದ ಚೀಲದ ಮೇಲಿಡುವುದು ಹೆಚ್ಚು ಮುಖ್ಯ. ಬೆರಳು ನೀಲಿಯಾದರೆ, ಜೋಮು ಹಿಡಿದರೆ ಪಟ್ಟಿ ಬಿಚ್ಚಿ ಸಡಿಲವಾಗಿ ಸುತ್ತಬೇಕು. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸಾಲುತ್ತದೆ. ಗುಳಿಗೆ ನುಂಗಿ ನೋವು ಮರೆತು ಇಳಿಜಾರಿಗೆ ಇಳಿಯುವುದು ಮಾತ್ರ ಆಗಬಾರದು.

ಕಟ್ಟು ಕಟ್ಟಿಸುವ ಮಾತು

ಪುತ್ತೂರು ಕಟ್ಟಿನ ಹೆಸರು ಕೇಳದವರಿಲ್ಲ. (ನಮ್ಮ ಚಾಕೊಲೇಟ್ ಕಾರ್ಖಾನೆಯ ಪುತ್ತೂರಲ್ಲ, ಆಂಧ್ರದ ಪುತ್ತೂರು.) ಆ ಹೆಸರಿನ ಫಲಕ ಹಾಕಿಕೊಂಡ ಕಟ್ಟಿನವರು ಊರೂರಿನಲ್ಲಿ ಇದ್ದಾರೆ. ಅಲ್ಲಾಡದಂತೆ ಕಟ್ಟುವುದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. 2009ರಲ್ಲಿ ಇಂಗ್ಲೆಂಡಿನಲ್ಲಿ ಬಲವಾದ ಉಳುಕಿನ 584 ಮಂದಿಯ ಮೇಲೆ ನಡೆದ ಪರೀಕ್ಷೆಯೊಂದರಲ್ಲಿ, ಮೊಣಕಾಲ ಕೆಳಗೆ ಹತ್ತು ದಿನ ಪ್ಲಾಸ್ಟರ್ ಹಾಕಿಸಿಕೊಂಡವರು ಬರೀ ಕೊಳವೆ ಪಟ್ಟಿ ಹಾಕಿಕೊಂಡವರಿಗಿಂತ ಮೂರು ತಿಂಗಳ ಹೊತ್ತಿಗೆ ಹೆಚ್ಚು ಚೇತರಿಸಿಕೊಂಡಿದ್ದರು. ಒಂಬತ್ತು ತಿಂಗಳ ಹೊತ್ತಿಗೆ ವ್ಯತ್ಯಾಸ ಉಳಿದಿರಲಿಲ್ಲ. ಇಲ್ಲಿ ಗಮನಿಸಬೇಕಾದ್ದು ಆ 'ಹತ್ತು ದಿನ'. ಬಿದಿರು ದಬ್ಬೆಯ ಬಿಗಿ ಕಟ್ಟಿನಲ್ಲಿ ತಿಂಗಳುಗಟ್ಟಲೆ ಕಾಲಿಟ್ಟರೆ ಗಂಟು ಮರಗಟ್ಟುತ್ತದೆ, ಮೀನಖಂಡ ಒಣಗುತ್ತದೆ. ಬಿಗಿ ಅತಿಯಾದರೆ ರಕ್ತ ಸಂಚಾರವೇ ನಿಲ್ಲಬಹುದು. ಎಕ್ಸ್‌ರೇ ಇಲ್ಲದೆ ಯಾವ ಕಟ್ಟೂ ಬೇಡವೆಂಬುದು ನಮ್ಮ ಖಚಿತ ಅಭಿಪ್ರಾಯ. ಪ್ಲಾಸ್ಟರ್ ಹಾಕಿಸಿಕೊಂಡು ಮಲೆನಾಡಿನಿಂದ ರಾಯಚೂರಿನವರೆಗೆ ರಾತ್ರಿಯಿಡೀ ಬಸ್ಸಿನಲ್ಲಿ ಕಾಲು ಜೋಲುಬಿಟ್ಟು ಕೂರುವುದೂ ಒಳ್ಳೆಯದಲ್ಲ. ಮೀನಖಂಡ ಗಟ್ಟಿಯಾಗಿ ನೋಯತೊಡಗಿದರೆ, ಉಸಿರು ಕಟ್ಟಿದಂತಾದರೆ ದಾರಿಯಲ್ಲೇ ಇಳಿದು ವೈದ್ಯರನ್ನು ಕಾಣಬೇಕು.

ಬಾವು ಇಳಿದ ಮೇಲೆ

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ನಮ್ಮಲ್ಲಿ ಯಾರೂ ಮಾಡದಿರುವುದೂ ಇದನ್ನೇ. ಮೂರು ನಾಲ್ಕು ದಿನವಾದ ಮೇಲೆ, ನೋವು ತಡೆಯುವಷ್ಟರ ಮಟ್ಟಿಗೆ, ಪಾದವನ್ನು ಆಡಿಸತೊಡಗಬೇಕು. ಕುಳಿತು ಕಾಲು ಚಾಚಿ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯುವುದು. ಓದು ಬಾರದವರು ರಂಗೋಲಿಯ ಎಳೆ ಎಳೆಯಲಿ; ಎಲ್ಲ ದಿಕ್ಕಿಗೂ ಗಂಟು ತಿರುಗಿದರಾಯಿತು. ಅಂಗಾಲಿಗೆ ಟವಲು ಹಾಕಿ ಎರಡೂ ತುದಿ ಹಿಡಿದು ಮೆಲ್ಲಗೆ ತಮ್ಮ ಕಡೆಗೆ ಜಗ್ಗುವುದು. ಕೋಲೂರಿ ಸಮನೆಲದ ಮೇಲೆ ನಡೆಯುವುದು. ಕುಂಟುವುದು ನಿಲ್ಲುವವರೆಗೆ ಕೋಲು ಬಿಡಬಾರದು.

ಎರಡು ಮೂರು ವಾರದ ಮೇಲೆ ಹಿಮ್ಮಡಿ ಎತ್ತಿ ತುದಿಗಾಲಿನಲ್ಲಿ ನಿಲ್ಲುವುದು, ಮೊದಲು ಎರಡು ಕಾಲಿನಲ್ಲಿ, ಆಮೇಲೆ ಉಳುಕಿದ ಕಾಲೊಂದರಲ್ಲಿ. ಅದಕ್ಕಿಂತ ಮುಖ್ಯವಾದ್ದು ಒಂಟಿಕಾಲಿನಲ್ಲಿ ನಿಲ್ಲುವುದು. ಬಾಗಿಲ ಚೌಕಟ್ಟು ಹಿಡಿದು ಅರ್ಧ ನಿಮಿಷ. ಆಮೇಲೆ ಕೈ ಬಿಟ್ಟು. ಆಮೇಲೆ ಕಣ್ಣು ಮುಚ್ಚಿ. ಕೊನೆಗೆ ಮಡಿಸಿದ ಗೋಣಿಚೀಲದ ಮೇಲೆ. ಹರಿದ ಸುದ್ದಿಯ ತಂತಿಯನ್ನು ಮತ್ತೆ ಕೂಡಿಸುವ ದಾರಿ ಇದು. ಹಾಲೆಂಡಿನಲ್ಲಿ ಕಾಲು ಉಳುಕಿಸಿಕೊಂಡ 522 ಮಂದಿ ಆಟಗಾರರಲ್ಲಿ ಒಂದು ಪಾಲು ಜನರಿಗೆ ಎಂಟು ವಾರ ಮನೆಯಲ್ಲೇ ಇಂಥ ಸಮತೋಲನದ ಅಭ್ಯಾಸ ಮಾಡಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದೊಳಗೆ ಅಭ್ಯಾಸ ಮಾಡಿದವರಲ್ಲಿ ನೂರಕ್ಕೆ 22 ಮಂದಿಗೆ, ಮಾಡದವರಲ್ಲಿ 33 ಮಂದಿಗೆ ಕಾಲು ಮತ್ತೆ ಉಳುಕಿತು. ಖರ್ಚಿಲ್ಲದ ಔಷಧಕ್ಕೆ ಇದು ಸಣ್ಣ ಲಾಭವಲ್ಲ. ವರ್ಷ ಕಳೆದರೂ ನೋವು ಉಳಿದವರು ನೂರಕ್ಕೆ 5ರಿಂದ 33 ಮಂದಿಯವರೆಗೆ ಇರುತ್ತಾರೆಂದು ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿದವರು ಹೇಳಿದ್ದಾರೆ. ಆರು ವಾರವಾದರೂ ಗಂಟು ಸಿಕ್ಕಿಹಾಕಿಕೊಂಡಂತೆ ಆಗುತ್ತಿದ್ದರೆ ಎಲುಬು ಕೀಲಿನ ವೈದ್ಯರಿಗೆ ಮತ್ತೊಮ್ಮೆ ತೋರಿಸಬೇಕು.

ಅತ್ಯಂತ ಅಪಾಯದ ಕಾಲವೆಂದರೆ ಮೂರನೆಯ ವಾರ. ಬಾವಿಲ್ಲ, ಕುಂಟಿಲ್ಲ, ಆಳಿಗೂ ಬೇಸರ, ರೈಟರಿಗೂ ಅವಸರ. ಆಗಲೇ ಇಳಿಜಾರಿಗೆ ಕಳಿಸುತ್ತೇವೆ. ಉಳುಕಿದ ಒಂದೇ ಕಾಲಿನ ಮೇಲೆ ನಿಂತು ಇನ್ನೊಂದು ಕಾಲಿನಷ್ಟೇ ಸಲ ಹಿಮ್ಮಡಿ ಎತ್ತಲು ಬರುವವರೆಗೆ, ಒಂಟಿಕಾಲಿನಲ್ಲಿ ಕುಂಟಾಟ ಆಡಲು ಬರುವವರೆಗೆ ಮೂಟೆ ಹೊರಿಸಬಾರದು. ಕೊನೆಗಾರರಿಗೆ ಇದು ಇನ್ನೂ ಕಟ್ಟುನಿಟ್ಟು. ತಳೆ ಹಾಕಿ ಅಡಿಕೆ ಮರ ಏರುವಾಗ ಮೈಯ ಭಾರವೆಲ್ಲ ಒಳಮುಖ ತಿರುಗಿದ ಎರಡು ಪಾದಗಳ ಮೇಲೆ. ಅಂದರೆ ಹರಿದ ನಾರಿನ ಮೇಲೆಯೇ. ಅಲ್ಲಿ ಕಾಲು ಕೈಕೊಟ್ಟರೆ ಮುಂದಿನದು ಉಳುಕಿನ ಮಾತಲ್ಲ.

ಹಾಗಾದರೆ ಆ ಆರು ವಾರ ಕೂಲಿಯೇನು? ದುಡಿಯುವಾಗ ಆದ ಗಾಯಕ್ಕೆ ದುಡಿಸಿದವರೇ ಪರಿಹಾರ ಕೊಡಬೇಕೆಂಬ ಕಾಯಿದೆ ನಮ್ಮ ದೇಶದಲ್ಲಿ 1923ರಷ್ಟು ಹಿಂದೆಯೇ ಬಂತು. ಕಾಯಿದೆಯ ಮಾತು ಒತ್ತಟ್ಟಿಗಿರಲಿ, ನಮ್ಮ ತೋಟಗಳಲ್ಲಿ ಕುಳಿತು ಮಾಡುವ ಕೆಲಸಕ್ಕೆ ಬರವೇ? ಹಣ್ಣಿನಿಂದ ಹಸಿಕಾಯಿ ಬೇರ್ಪಡಿಸುವುದು, ಕಣದಲ್ಲಿ ಕಸ ಆರಿಸುವುದು, ಅಡಿಕೆ ಸುಲಿಯುವುದು, ಕಾಳುಮೆಣಸು ಹಸನು ಮಾಡುವುದು, ನರ್ಸರಿಯ ಚೀಲಗಳಿಗೆ ಮಣ್ಣು ತುಂಬುವುದು ಎಲ್ಲವೂ ಕೊಯ್ಲಿನ ಕಾಲದಲ್ಲಿಯೇ ಬರುತ್ತವೆ. ಕಿಲೋ ಲೆಕ್ಕ ಬಿಟ್ಟು ದಿನಗೂಲಿಯ ಮೇಲೆ ಇವನ್ನು ಕೊಟ್ಟರೆ ಆಳು ನೋವು ಮುಚ್ಚಿಡುವುದಿಲ್ಲ. ಮುಚ್ಚಿಟ್ಟ ನೋವೇ ನಮಗೂ ದುಬಾರಿ. ಒಂದು ವಾರದಲ್ಲಿ ಮುಗಿಯಬಹುದಾದ ಉಳುಕು ಇಡೀ ಹಂಗಾಮನ್ನು ನುಂಗುವುದು ಹೀಗೆ.

ಊರಿಗೆ ಹಿಂತಿರುಗುವವರ ಕೈಯಲ್ಲಿ ಎಕ್ಸ್‌ರೇ ಹಾಳೆಯನ್ನೂ ಚೀಟಿಯನ್ನೂ ತಪ್ಪದೆ ಕೊಟ್ಟು ಕಳಿಸಬೇಕು. ಸಿಂಧನೂರಿನಲ್ಲೂ ಲಿಂಗಸುಗೂರಿನಲ್ಲೂ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ, ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಹಳೆಯ ಚೀಟಿ ಕಂಡರೆ ಅಲ್ಲಿನ ವೈದ್ಯರಿಗೆ ಮುಂದಿನ ದಾರಿ ಸುಲಭ. ಮೇಲೆ ಹೇಳಿದ ಅಭ್ಯಾಸಗಳನ್ನು ಕನ್ನಡದಲ್ಲಿ ಒಂದು ಕಾಗದದ ಮೇಲೆ ಬರೆದುಕೊಟ್ಟರೆ ಮನೆಯಲ್ಲಿ ಓದುವ ಮಕ್ಕಳಾದರೂ ಓದಿ ಹೇಳುತ್ತಾರೆ. ನಾರು ಪೂರ್ತಿ ಹರಿದವರು ಮೂರು ತಿಂಗಳವರೆಗೆ ನಾಟಿಯ ಕೆಸರಿಗೂ ಬಿರುಕು ಬಿಟ್ಟ ಎರೆಹೊಲಕ್ಕೂ ಇಳಿಯದಿರುವುದು ಲೇಸೆಂದು ಅದರಲ್ಲಿ ಸೇರಿಸಿರಿ. ಆ ಮಸ್ಕಿ ಸೀಮೆಯ ಹೆಣ್ಣುಮಗಳಿಗೂ ಒಂಟಿಕಾಲಿನ ಅಭ್ಯಾಸವನ್ನು ತೋರಿಸಿಕೊಟ್ಟು ಬಂದೆವು. ಎರಡು ವರ್ಷ ಹಳೆಯ ಉಳುಕಿಗೂ ಅದರಿಂದ ಬಲ ಬರುವುದುಂಟು, ನಿಧಾನವಾಗಿ. ಮೊದಲ ದಿನ ಅವಳು ಕಂಬ ಬಿಟ್ಟು ನಿಂತದ್ದು ಎಣಿಸಿ ನಾಲ್ಕು ಕ್ಷಣ.

ಬರುವ ಕೊಯ್ಲಿಗೆ ಮೊದಲು ಸದಸ್ಯರು ಮಾಡಿಕೊಳ್ಳಬಹುದಾದ ಸಿದ್ಧತೆ ಹೆಚ್ಚಿನದೇನಲ್ಲ. ಮೂಟೆ ಹೊತ್ತು ಇಳಿಯುವ ದಾರಿಗಳಲ್ಲಿ ತೊಟ್ಟಿಲು ಗುಂಡಿಯ ಪಕ್ಕ ಸುಣ್ಣ ಬಳಿದ ಗೂಟ ನೆಡಿಸಿರಿ. ಹೊಸ ತಂಡ ಬಂದ ಮೊದಲ ದಿನ ಹಳೆಯ ಆಳೊಬ್ಬರ ಜೊತೆ ಖಾಲಿ ಕೈಯಲ್ಲಿ ತೋಟ ಸುತ್ತಿಸಿರಿ. ಹಿಮ್ಮಡಿ ಮುಚ್ಚುವ ರಬ್ಬರ್ ಶೂ ಕೊಡಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ರೈಟರ ಪೆಟ್ಟಿಗೆಯಲ್ಲಿ 10 ಸೆಂಟಿಮೀಟರ್ ಅಗಲದ ಎರಡು ಕ್ರೇಪ್ ಪಟ್ಟಿ, ಪ್ಯಾರಾಸಿಟಮಾಲ್ ಗುಳಿಗೆ, ಒಂದು ಕಂಕುಳ ಕೋಲು ಇರಲಿ; ಹಾಳೆ ಹೇಗೂ ತೋಟದಲ್ಲೇ ಬಿದ್ದಿರುತ್ತದೆ.